ನೂರಕ್ಕೆ ಎಂಬತ್ತು

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಪರೀಕ್ಷೆ ಎಂಬ ಮಾತಿಗೆ ಇಂದಿಗೂ ಒಂದು ಗೌರವವಿದೆ. ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕುಳಿತು ಎಸ್ಸೆಸ್ಸಿ ಮುಗಿಸಿದವರ ಮಕ್ಕಳು ನಮ್ಮಲ್ಲಿ ಬಹಳ ಮಂದಿ. ನನ್ನ ತಂದೆ ಮೂರನೆಯ ಪ್ರಯತ್ನದಲ್ಲಿ ಪಾಸಾದರು. ಆ ಅಂಕಪಟ್ಟಿಗೆ ಚೌಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಅಂಥ ಮನೆಯಲ್ಲಿ ಬೆಳೆದ ನನಗೆ ಒಂದು ಪರೀಕ್ಷೆಯ ವಿರುದ್ಧ ಬರೆಯಲು ಅಳುಕಿದೆ. ಆದರೂ ಬರೆಯಬೇಕಾಗಿದೆ, ಏಕೆಂದರೆ ಹನ್ನೊಂದು ವರ್ಷ ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತಯಾರಿಸುತ್ತಿದ್ದವನು ನಾನೇ.

ಐರೋಲಿ, ಪವಾಯಿ, ಗೋರೆಗಾಂವ್‌ಗಳ ಗಾಜಿನ ಕಟ್ಟಡಗಳಲ್ಲಿ, ಅಂಧೇರಿಯ ಸೀಪ್ಜ್‌ನಲ್ಲಿ ದುಡಿಯುವವರಿಗೆ ನಾನು ಯಾವ ಪರೀಕ್ಷೆಯ ಮಾತನ್ನಾಡುತ್ತಿದ್ದೇನೆಂದು ಈಗಾಗಲೇ ತಿಳಿದಿರುತ್ತದೆ. ಉಳಿದವರಿಗಾಗಿ ಎರಡು ಮಾತು. ಸಾಫ್ಟ್‌ವೇರ್ ತಯಾರಿಸುವುದಕ್ಕೆ ಒಂದು ಕ್ರಮವಿದೆ. ಗಿರಾಕಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವುದು, ಅದಕ್ಕೊಂದು ನಕ್ಷೆ ಹಾಕುವುದು, ಪ್ರೋಗ್ರಾಮ್ ಬರೆಯುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ನೋಡುವುದು, ಟೆಸ್ಟಿಂಗ್ ಮಾಡುವುದು, ಒಪ್ಪಿಸುವುದು, ಆಮೇಲೆ ವರ್ಷಗಟ್ಟಲೆ ರಿಪೇರಿ ಮಾಡುತ್ತಿರುವುದು. ಮನೆ ಕಟ್ಟಿಸಿದವರಿಗೆಲ್ಲ ಇದು ಪರಿಚಿತ ಕ್ರಮವೇ. ಕಂಪನಿಗಳು ಇದನ್ನು ನೂರಾರು ಪುಟಗಳ ಕೈಪಿಡಿಯಾಗಿ ಬರೆದಿಟ್ಟುಕೊಂಡಿರುತ್ತವೆ. ಸಿಬ್ಬಂದಿಗೆ ಅದು ತಿಳಿದಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಕಂಪ್ಯೂಟರ್ ಮುಂದೆ ಕೂರಿಸಿ ನೋಡುತ್ತವೆ. ಇಪ್ಪತ್ತೈದು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಒಂದನ್ನು ಆರಿಸಬೇಕು. ನಮ್ಮಲ್ಲಿ ನೂರಕ್ಕೆ ಎಂಬತ್ತು ಬಂದರೆ ಪಾಸು.

ಈ ಪದ್ಧತಿಯ ಬೇರು ಪಿಟ್ಸ್‌ಬರ್ಗಿನಲ್ಲಿದೆ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯೊಂದು ಆರಂಭವಾಯಿತು. ಐಬಿಎಂನಿಂದ ನಿವೃತ್ತರಾಗಿ ಅಲ್ಲಿಗೆ ಬಂದ ವಾಟ್ಸ್ ಹಂಫ್ರಿ, ಒಂದು ಕಂಪನಿಯ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆ ಎಂಬುದನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ವಿಚಾರವನ್ನು ಬೆಳೆಸಿದರು. ಸಿಎಂಎಂ, ಅನಂತರ ಸಿಎಂಎಂಐ ಎಂದು ಪ್ರಸಿದ್ಧವಾದದ್ದು ಇದೇ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಭಾರತದ ಕಂಪನಿಗಳು ಐದನೆಯ ಮೆಟ್ಟಿಲೇರಲು ಸಾಲುಗಟ್ಟಿ ನಿಂತವು. ಅದರಲ್ಲಿ ತಪ್ಪೇನಿರಲಿಲ್ಲ. ಸಮುದ್ರದಾಚೆಯ ಗಿರಾಕಿಗೆ ನಮ್ಮ ಮುಖ ಪರಿಚಯವಿಲ್ಲ. ಕೆಲಸ ಕೊಡುವ ಮುನ್ನ ಅವನು ಏನನ್ನಾದರೂ ನಂಬಬೇಕಲ್ಲ. ಟಿಸಿಎಸ್ 1968ರಲ್ಲಿ ಈ ಊರಿನಲ್ಲಿಯೇ ಹುಟ್ಟಿತು, ಸೀಪ್ಜ್ 1973ರಲ್ಲಿ ಬಂತು. ಮುಂಬಯಿಯ ಸಾವಿರಾರು ಸಂಸಾರಗಳು ಈ ನಂಬಿಕೆಯ ಮೇಲೆ ಮನೆ ಕೊಂಡಿವೆ. ನನ್ನದೂ ಅವುಗಳಲ್ಲೊಂದು.

ಪರಿಶೀಲನೆಗೆ ಬಂದ ತಂಡ ಕಾಗದಪತ್ರಗಳನ್ನು ನೋಡುವುದರ ಜೊತೆಗೆ ಸಿಬ್ಬಂದಿಯನ್ನು ಕರೆದು ಮಾತನಾಡಿಸುತ್ತದೆ. ಅಲ್ಲಿ ಯಾರೂ ತೊದಲಬಾರದು. ಆದ್ದರಿಂದ ಆ ತಿಂಗಳು ಬಂತೆಂದರೆ ನಮ್ಮ ಗುಣಮಟ್ಟ ವಿಭಾಗಕ್ಕೆ ಮದುವೆ ಮನೆಯ ಗಡಿಬಿಡಿ. ಗುಣಮಟ್ಟ ನೀತಿಯನ್ನು ಸಣ್ಣ ಕಾರ್ಡಿನಲ್ಲಿ ಮುದ್ರಿಸಿ ಗುರುತುಚೀಟಿಯ ಹಿಂದೆ ಸಿಕ್ಕಿಸುತ್ತಿದ್ದೆವು. ಲಿಫ್ಟಿನಲ್ಲಿ ಪೋಸ್ಟರ್, ಊಟದ ಮೇಜಿನ ಮೇಲೆ ತ್ರಿಕೋನಾಕಾರದ ಚೀಟಿ, ಸಂಜೆ ಅಣಕು ಸಂದರ್ಶನ. 'ಹೀಗೆ ಕೇಳಿದರೆ ಹೀಗೆ ಹೇಳಿ. ಕೇಳದಿದ್ದರೆ ಬಾಯಿ ಬಿಡಬೇಡಿ' ಎಂದು ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆ ವಾರ್ಷಿಕ ಪರೀಕ್ಷೆ ಹುಟ್ಟಿದ್ದು ಈ ಗಡಿಬಿಡಿಯಲ್ಲಿ. ತಿಳಿವಳಿಕೆಯನ್ನು ಅಳೆಯುವುದು ಅದರ ಹೆಸರಿಗಿತ್ತು. 'ಶೇಕಡಾ ತೊಂಬತ್ತೇಳು ಮಂದಿ ಉತ್ತೀರ್ಣರು' ಎಂದು ತೋರಿಸಲು ಒಂದು ಸಂಖ್ಯೆ ಬೇಕಾಗಿತ್ತು ಎಂಬುದು ನಿಜವಾದ ಕಾರಣ.

ಪ್ರಶ್ನೆ ತೆಗೆಯುವುದೂ ಒಂದು ಕಸುಬು. ಅದರ ಗುಟ್ಟುಗಳನ್ನು ಈಗ ಬಿಟ್ಟುಕೊಡುವುದರಿಂದ ನನಗೇನೂ ನಷ್ಟವಿಲ್ಲ. ನಾಲ್ಕು ಉತ್ತರಗಳಲ್ಲಿ ಅತ್ಯಂತ ಉದ್ದದ್ದು ಸಾಮಾನ್ಯವಾಗಿ ಸರಿಯುತ್ತರ. ಸರಿಯಾದದ್ದರಲ್ಲಿ ಯಾರೂ ತಪ್ಪು ಹುಡುಕದಿರಲೆಂದು ಪ್ರಶ್ನೆ ತೆಗೆಯುವವನು ಅದಕ್ಕೆ ವಿಶೇಷಣಗಳನ್ನು ಪೋಣಿಸುತ್ತ ಹೋಗಿರುತ್ತಾನೆ. 'ಮೇಲಿನ ಎಲ್ಲವೂ' ಎಂದಿದ್ದರೆ ಕಣ್ಣುಮುಚ್ಚಿ ಒತ್ತಬಹುದು. 'ಎಂದಿಗೂ', 'ಯಾವಾಗಲೂ' ಎಂಬ ಮಾತಿರುವ ಉತ್ತರ ತಪ್ಪು. ಕೈಪಿಡಿಯ ಒಂದು ಪುಟವನ್ನೂ ತೆರೆಯದೆ ಇಷ್ಟರಿಂದಲೇ ಅರುವತ್ತು ಅಂಕ ಬರುತ್ತದೆ. ಉಳಿದ ಇಪ್ಪತ್ತಕ್ಕೆ ವಾಟ್ಸಾಪ್ ಇದೆ. ಸೋಮವಾರ ಪರೀಕ್ಷೆ ತೆರೆದರೆ ಬುಧವಾರದೊಳಗೆ ಉತ್ತರಗಳು ಪುಣೆಯ ಕಚೇರಿಯನ್ನೂ ಮುಟ್ಟಿರುತ್ತಿದ್ದವು.

ನನ್ನ ಪತ್ರಿಕೆಯ ಹದಿನಾಲ್ಕನೆಯ ಪ್ರಶ್ನೆಯನ್ನು ಇಲ್ಲಿ ಹೇಳಲೇಬೇಕು. 'ವಾಟರ್‌ಫಾಲ್ ಮಾದರಿಯನ್ನು ಸೂಚಿಸಿದವರು ಯಾರು?' ಸರಿಯುತ್ತರ: ವಿನ್‌ಸ್ಟನ್ ರಾಯ್ಸ್, 1970. ಒಂದು ಹಂತ ಪೂರ್ತಿ ಮುಗಿದ ಮೇಲೆಯೇ ಮುಂದಿನ ಹಂತ, ಜಲಪಾತದಂತೆ ಮೇಲಿನಿಂದ ಕೆಳಕ್ಕೆ; ಇದು ವಾಟರ್‌ಫಾಲ್. ಎಷ್ಟೋ ವರ್ಷಗಳ ಬಳಿಕ ರಾಯ್ಸ್ ಅವರ ಮೂಲ ಲೇಖನವನ್ನು ಓದಿದೆ. ಆ ಚಿತ್ರ ಅಲ್ಲಿರುವುದು ನಿಜ. ಆದರೆ ಅದರ ಬೆನ್ನಿಗೇ ಅವರು, ಇದನ್ನು ಹೀಗೆಯೇ ಮಾಡಹೊರಟರೆ ಅಪಾಯವಿದೆ, ಕೆಲಸ ಕೆಡುತ್ತದೆ ಎಂದು ಬರೆದಿದ್ದಾರೆ; ಹೊಸ ಕೆಲಸವಾದರೆ ಎರಡು ಸಲ ಮಾಡಿ, ಎರಡನೆಯದನ್ನು ಗಿರಾಕಿಗೆ ಕೊಡಿ ಎಂದು ಸಲಹೆ ಕೊಟ್ಟಿದ್ದಾರೆ. 'ವಾಟರ್‌ಫಾಲ್' ಎಂಬ ಶಬ್ದವೇ ಆ ಲೇಖನದಲ್ಲಿಲ್ಲ. ಅಂದರೆ ಲೇಖನವನ್ನು ನಿಜವಾಗಿ ಓದಿದವನು ನನ್ನ ಪ್ರಶ್ನೆಯ ಮುಂದೆ ತಡವರಿಸುತ್ತಿದ್ದ, ಓದದವನಿಗೆ ನಾಲ್ಕು ಅಂಕ ಸಿಗುತ್ತಿತ್ತು. ಪ್ರಶ್ನೆಯನ್ನು ತೆಗೆದುಹಾಕೋಣವೆಂದು ಮೇಲಿನವರಿಗೆ ಬರೆದೆ. 'ಎಲ್ಲ ಪುಸ್ತಕಗಳಲ್ಲೂ ಹಾಗೆಯೇ ಇದೆಯಲ್ಲ, ಇರಲಿ ಬಿಡಿ' ಎಂದರು. ಬಿಟ್ಟೆ.

ಇಷ್ಟೇ ಆಗಿದ್ದರೆ ಇದೊಂದು ತಮಾಷೆಯ ವಿಷಯವಾಗುತ್ತಿತ್ತು.

2016ರ ಕೊನೆಯ ತಿಂಗಳುಗಳು. ವಿಮಾ ಕಂಪನಿಯೊಂದಕ್ಕೆ ಕಂತಿನ ಲೆಕ್ಕ ಹಾಕುವ ಪ್ರೋಗ್ರಾಮ್ ಸಿದ್ಧವಾಗುತ್ತಿತ್ತು. ಆ ತಂಡದಲ್ಲಿ ಟೆಸ್ಟಿಂಗ್ ಮಾಡುತ್ತಿದ್ದವರಲ್ಲಿ ಸಾಂಗ್ಲಿ ಜಿಲ್ಲೆಯ ಜತ್ ಕಡೆಯ ಹುಡುಗಿಯೊಬ್ಬಳಿದ್ದಳು. ಏಳನೆಯ ತರಗತಿಯವರೆಗೆ ಅಲ್ಲಿಯ ಕನ್ನಡ ಶಾಲೆ, ಆಮೇಲೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ನನ್ನ ಹೆಸರು ನೋಡಿ ಮೊದಲ ದಿನವೇ 'ಸರ್, ನೀವು ಕನ್ನಡದವರೇನ್ರೀ?' ಎಂದು ಕೇಳಿದ್ದಳು. ಆ ವರ್ಷದ ಫೆಬ್ರುವರಿ 29ರಂದು ಪಾಲಿಸಿ ಮಾಡಿಸಿದವರ ಕಂತು 2017ರಲ್ಲಿ ಯಾವ ದಿನ ಬರಬೇಕು, 28ಕ್ಕೋ ಮಾರ್ಚ್ 1ಕ್ಕೋ ಎಂಬ ಪ್ರಶ್ನೆ ಅವಳಿಗೆ ಬಂತು. ಬರೆದಿಟ್ಟ ದಾಖಲೆಯಲ್ಲಿ ಮಾರ್ಚ್ 1 ಎಂದಿತ್ತು; ಪ್ರೋಗ್ರಾಮ್ 28 ಎನ್ನುತ್ತಿತ್ತು. ಬರೆದ ಹುಡುಗನನ್ನು ಕೇಳಿದರೆ, ಗಿರಾಕಿ ಯಾವಾಗಲೋ ಮಿಂಚಂಚೆಯಲ್ಲಿ ಬದಲಿಸಲು ಹೇಳಿದ್ದಾನೆ, ಬದಲಿಸಿದ್ದೇನೆ ಎಂದ. ಅವಳು ಅಲ್ಲಿಗೇ ಬಿಡಲಿಲ್ಲ. ಆ ಮಿಂಚಂಚೆಯಿಂದ ಎಳೆ ಹಿಡಿದು ಹೊರಟಳು. ಈ ದಿನಾಂಕವನ್ನು ಇನ್ನೆಲ್ಲೆಲ್ಲಿ ಬಳಸುತ್ತಾರೆ ಎಂದು ಹುಡುಕಿದಳು. ಗ್ರಾಹಕರಿಗೆ ಹೋಗುವ ಜ್ಞಾಪನಾ ಪತ್ರ ಮತ್ತು ಏಜೆಂಟರ ಕಮಿಷನ್, ಎರಡೂ ಹಳೆಯ ಮಾರ್ಚ್ 1ನ್ನೇ ಹಿಡಿದುಕೊಂಡಿದ್ದವು. ಕಂತು ಒಂದು ದಿನ ಬಾಕಿಯಾಗಿ, ಪತ್ರ ಇನ್ನೊಂದು ದಿನ ಹೇಳಿದರೆ ಏನಾಗುತ್ತದೆಂದು ವಿಮೆ ಮಾಡಿಸಿದ ಯಾರನ್ನಾದರೂ ಕೇಳಬಹುದು. ಅವಳು ಸಹಿ ಹಾಕಲು ಒಪ್ಪಲಿಲ್ಲ. ಕೆಲಸ ಒಪ್ಪಿಸುವುದು ಎರಡು ದಿನ ತಡವಾಯಿತು. ಮ್ಯಾನೇಜರ್ ಅವಳ ಮೇಲೆ ರೇಗಿದರೆಂದೂ ಕೇಳಿದೆ.

ಅದಾದ ಮೂರು ವಾರಕ್ಕೆ ನನ್ನ ಪರೀಕ್ಷೆ. ಹತ್ತೊಂಬತ್ತನೆಯ ಪ್ರಶ್ನೆ: ಅಗತ್ಯಗಳ ದಾಖಲೆಯಿಂದ ಪ್ರೋಗ್ರಾಮಿಗೂ ಪ್ರೋಗ್ರಾಮಿನಿಂದ ಮರಳಿ ದಾಖಲೆಗೂ ಎಳೆ ಹಿಡಿದು ಹೋಗಬಲ್ಲ ವ್ಯವಸ್ಥೆಗೆ ಏನೆನ್ನುತ್ತಾರೆ? ಉತ್ತರ: ಬೈಡೈರೆಕ್ಷನಲ್ ಟ್ರೇಸಬಿಲಿಟಿ. ಅವಳು ಇನ್ನೇನನ್ನೋ ಒತ್ತಿದ್ದಳು. ಒಟ್ಟು ಹದಿನೆಂಟು ಸರಿ, ಎಪ್ಪತ್ತೆರಡು ಅಂಕ. ಆ ಮ್ಯಾನೇಜರಿಗೆ ನೂರಕ್ಕೆ ನೂರು.

ಎಂಬತ್ತಕ್ಕಿಂತ ಕೆಳಗಿನವರ ಪಟ್ಟಿಯನ್ನು ಎಚ್‌ಆರ್ ವಿಭಾಗಕ್ಕೆ ಕಳಿಸುವುದು ನನ್ನ ಕೆಲಸ. ಕಳಿಸಿದೆ. ಆ ವರ್ಷ ಅವಳ ಶ್ರೇಣಿ ಒಂದು ಮೆಟ್ಟಿಲು ಇಳಿಯಿತು. ಬಡ್ತಿಯ ಮಾತು ಮುಂದಿನ ವರ್ಷಕ್ಕೆ ಹೋಯಿತು. ಅದಕ್ಕೆ ನನ್ನ ಪಟ್ಟಿಯೊಂದೇ ಕಾರಣವೆಂದು ಹೇಳಲಾರೆ, ಮ್ಯಾನೇಜರಿನ ಕೋಪವೂ ಸೇರಿದ್ದಿರಬಹುದು. ಆದರೆ ಕಾಗದದಲ್ಲಿ ನಮೂದಾದ ಕಾರಣ ಎಪ್ಪತ್ತೆರಡು. ಕ್ಯಾಂಟೀನಿನಲ್ಲಿ ಸಿಕ್ಕಾಗ ಪ್ರಶ್ನೆಯ ವಿಷಯ ತೆಗೆದೆ. 'ಅದಕ್ಕ ಅಂಥಾ ಹೆಸರು ಐತಿ ಅಂತ ಗೊತ್ತಿರಲಿಲ್ರೀ ಸರ್. ನಾವು ಅದಕ್ಕ ಹುಡುಕೂದು ಅಂತೀವಿ' ಎಂದು ನಕ್ಕಳು. ಬೇಸಿಗೆಯ ಹೊತ್ತಿಗೆ ಕೆಲಸ ಬಿಟ್ಟು ಪುಣೆಗೆ ಹೋದಳು.

ಇಂಗ್ಲಿಷ್ ಬಾರದವರ ಪರವಾಗಿ ನಾನು ವಾದಿಸುತ್ತಿದ್ದೇನೆ ಎಂದು ಕೆಲವರು ತಿಳಿದಾರು. ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಅವಳು ಬರೆದ ದೋಷವರದಿಗಳು ಇಡೀ ಕಚೇರಿಯಲ್ಲಿ ಅತ್ಯಂತ ಸ್ಪಷ್ಟವಾದವು. ಅವಳಿಗೆ ತಿಳಿಯದಿದ್ದದ್ದು ಕೈಪಿಡಿಯ ಪರಿಭಾಷೆ. ನಾನು ಅಳೆಯುತ್ತಿದ್ದದ್ದು ಅದನ್ನು ಮಾತ್ರ.

ಹಾಗಾದರೆ ಕೈಪಿಡಿಯನ್ನೇ ಸುಟ್ಟುಬಿಡೋಣವೆ? ಬರಹ ಬೇಡ, ಅನುಭವ ಸಾಕು ಎನ್ನುವವರು ನಮ್ಮ ಈ ಉದ್ಯಮದಲ್ಲಿ ಹೇರಳವಾಗಿದ್ದಾರೆ. ಅವರ ಗುಂಪಿಗೆ ನಾನು ಸೇರಲಾರೆ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಗೆ ಆದದ್ದನ್ನು ಅವರು ನೆನೆಯಬೇಕು. ಹೊಸ ಪ್ರೋಗ್ರಾಮನ್ನು ಎಂಟು ಸರ್ವರುಗಳಲ್ಲಿ ಹಾಕಬೇಕಾಗಿತ್ತು, ಒಂದರಲ್ಲಿ ಹಾಕುವುದು ತಪ್ಪಿಹೋಯಿತು. ಆ ಒಂದರಲ್ಲಿ ಬಹುಕಾಲದಿಂದ ಬಳಸದೆ ಬಿದ್ದಿದ್ದ ಹಳೆಯ ಪ್ರೋಗ್ರಾಮ್ ಎದ್ದು ಕುಳಿತು ಲಕ್ಷಗಟ್ಟಲೆ ಆರ್ಡರುಗಳನ್ನು ಮಾರುಕಟ್ಟೆಗೆ ಸುರಿಯಿತು. 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ತಾಂತ್ರಿಕನು ನೋಡಬೇಕು ಎಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ ಎಂದು ತನಿಖೆಯ ಅನಂತರ ಅಲ್ಲಿನ ಷೇರು ನಿಯಂತ್ರಕರು ಬರೆದರು. ನಿಯಮ ಬರೆದಿಡಬೇಕು. ಬರೆದದ್ದು ಕೆಲಸ ಮಾಡುವವನ ಕೈಗೆ ಇಳಿದಿದೆಯೇ ಎಂದು ನೋಡಲೂಬೇಕು. ನನ್ನ ತಕರಾರು ಇರುವುದು ಆ ನೋಡುವ ಬಗೆಯ ಮೇಲೆ.

ಹೇಗೆ ನೋಡಬೇಕೆಂಬುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ದಿನಾ ನಾವು ಹತ್ತುವ ಲೋಕಲ್‌ನ ಮುಂಭಾಗದಲ್ಲಿ ಕೂರುವ ಮೋಟರ್‌ಮನ್ ನಿಯಮಗಳ ಪುಸ್ತಕ ಓದಿ ಪಾಸಾದ ಮಾತ್ರಕ್ಕೆ ಯಾವ ಮಾರ್ಗದಲ್ಲಾದರೂ ಗಾಡಿ ಓಡಿಸುವಂತಿಲ್ಲ. ಆ ಮಾರ್ಗದಲ್ಲಿ ಬಲ್ಲವರೊಡನೆ ಹೋಗಿ ಬಂದು, ಎಲ್ಲಿ ತಿರುವು, ಯಾವ ಸಿಗ್ನಲ್ ಎಲ್ಲಿದೆ ಎಂದು ಕಣ್ಣಾರೆ ಕಂಡು, 'ಈ ಮಾರ್ಗವನ್ನು ನಾನು ಬಲ್ಲೆ' ಎಂದು ಸಹಿ ಹಾಕಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಆ ಮಾರ್ಗದಲ್ಲಿ ಓಡಿಸದಿದ್ದರೆ ಮತ್ತೆ ಕಲಿಯಬೇಕು. ತಿಳಿವಳಿಕೆ ಹಳಸುತ್ತದೆ ಎಂಬುದನ್ನು ರೈಲ್ವೆ ಒಪ್ಪಿಕೊಂಡಿದೆ. ನಮ್ಮ ಐರೋಲಿಯ ಪ್ರಮಾಣಪತ್ರ ಮಾತ್ರ, ವರ್ಷವಿಡೀ ಒಂದು ಸಾಲು ಪ್ರೋಗ್ರಾಮ್ ನೋಡದಿದ್ದವನ ಗೋಡೆಯ ಮೇಲೂ ತಾಜಾ ಆಗಿಯೇ ಇರುತ್ತದೆ.

ಇನ್ನೂ ಹತ್ತಿರದ್ದು ಬಾಂದ್ರಾ-ಕುರ್ಲಾ ಸಂಕೀರ್ಣದ ಕಥೆ. 2021ರ ಫೆಬ್ರುವರಿ 24ರಂದು ಬೆಳಗ್ಗೆ 11:40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ನಿಂತುಹೋಯಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ. ಇಂಥ ಗಳಿಗೆಗೆಂದೇ ಚೆನ್ನೈಯಲ್ಲಿ ಬದಲಿ ಕೇಂದ್ರವಿತ್ತು. ಅಲ್ಲಿಗೆ ವಹಿವಾಟನ್ನು ಸಾಗಿಸುವ ಯೋಜನೆಯೂ ಇತ್ತು. ಆ ದಿನ ಸಾಗಿಸಲಿಲ್ಲ. ಮುಂದಿನ ತಿಂಗಳೇ ಸೆಬಿ ನಿಯಮವನ್ನು ಬಿಗಿ ಮಾಡಿತು: ಮುಖ್ಯ ವ್ಯವಸ್ಥೆ ನಿಂತರೆ ಅರ್ಧ ಗಂಟೆಯೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, ಘೋಷಿಸಿದ ಮೇಲೆ 45 ನಿಮಿಷಗಳಲ್ಲಿ ಮತ್ತೆ ಓಡಬೇಕು. ನಿಯಮ ಕಾಗದದಲ್ಲೇ ಉಳಿಯಲಿಲ್ಲ. 2024ರ ಮಾರ್ಚ್ 2, ಶನಿವಾರ, ರಜೆಯ ದಿನ, ಮಾರುಕಟ್ಟೆಯನ್ನು ತೆರೆದರು. ಬೆಳಗ್ಗೆ 9:15ರಿಂದ 10ರವರೆಗೆ ಮುಖ್ಯ ಕೇಂದ್ರದಿಂದ ವಹಿವಾಟು. ನಡುವಿನ ಬಿಡುವಿನಲ್ಲಿ ಎಲ್ಲವನ್ನೂ ಬದಲಿ ಕೇಂದ್ರಕ್ಕೆ ಸಾಗಿಸಿ, ಎರಡನೆಯ ಸುತ್ತು ಅಲ್ಲಿಂದ. ಹಣ ನಿಜವಾದದ್ದು, ಷೇರುಗಳು ನಿಜವಾದವು. ಅದೇ ವರ್ಷದ ಮೇ 18ರ ಶನಿವಾರ ಮತ್ತೊಮ್ಮೆ ಮಾಡಿದರು. ಆ ಎರಡು ಶನಿವಾರಗಳಂದು ಪರೀಕ್ಷೆಗೆ ಒಳಗಾದವರು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಲಿಲ್ಲ. ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಗುಂಡಿಯನ್ನು ಯಾರು ಒತ್ತಬೇಕು ಎಂಬುದು ತಿಳಿದಿದೆಯೋ ಇಲ್ಲವೋ ಎಂಬುದು ಆ ಹೊತ್ತಿನಲ್ಲೇ ಎಲ್ಲರಿಗೂ ಗೊತ್ತಾಗುವಂತಿತ್ತು.

ಪ್ರತಿ ಕಚೇರಿಯೂ ಷೇರು ಪೇಟೆಯಷ್ಟು ದೊಡ್ಡ ಕಸರತ್ತು ಮಾಡಬೇಕಾಗಿಲ್ಲ. ನನ್ನ ತಂದೆ ಮುಂದೆ ಮಾಟುಂಗದ ಹೊಟೇಲೊಂದರ ಪಾಲುದಾರರಾದಾಗ, ಊರಿನಿಂದ ಅಡುಗೆಯವರು ಕೆಲಸ ಕೇಳಿಕೊಂಡು ಬರುತ್ತಿದ್ದರು. ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ಅವರು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. 'ಭಟ್ರೇ, ಇವತ್ತು ಮಳೆ ಹಿಡಿದಿದೆ, ನಾಳೆ ಬೆಳಗ್ಗೆ ಐದಕ್ಕೆ ಮೊದಲ ಅಟ್ಟೆ ಇಳಿಯಬೇಕು. ರುಬ್ಬಿ ಇಡಿ, ನೋಡುವ' ಎನ್ನುತ್ತಿದ್ದರು. ಹಿಟ್ಟು ಹುದುಗಲು ಊರಿನ ಹವೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಂದವನು ರುಬ್ಬುವ ಮೊದಲು ನೀರಿನ ತಣ್ಪನ್ನು ಬೆರಳಿಟ್ಟು ನೋಡಿದನೋ, ಪಾತ್ರೆಯನ್ನು ಒಲೆಯ ಪಕ್ಕದಲ್ಲಿಟ್ಟನೋ ಕಿಟಕಿಯ ಪಕ್ಕದಲ್ಲಿಟ್ಟನೋ, ರಾತ್ರಿ ಒಮ್ಮೆ ಎದ್ದು ಮುಚ್ಚಳ ತೆಗೆದು ನೋಡಿದನೋ, ಇಷ್ಟನ್ನು ಗಮನಿಸುತ್ತಿದ್ದರು. ಇಡ್ಲಿ ಕೆಟ್ಟರೂ ಕೆಲವರನ್ನು ಇಟ್ಟುಕೊಂಡದ್ದುಂಟು.

ನಮ್ಮ ಕಸುಬಿನಲ್ಲಿ ಅದಕ್ಕೆ ಸಮಾನವಾದದ್ದು ಕಷ್ಟದ್ದೇನಲ್ಲ. ನೌಕರನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತು, 'ಕಳೆದ ವಾರ ನೀನು ಮಾಡಿದ ಒಂದು ಬದಲಾವಣೆಯನ್ನು ತೋರಿಸು. ಅದನ್ನು ಮಾಡಲು ಯಾರು ಹೇಳಿದರು? ಎಲ್ಲಿ ಬರೆದಿದೆ? ನೀನು ಬರೆದದ್ದನ್ನು ಯಾರು ಓದಿದರು? ಓದಿದವರು ಏನಾದರೂ ತಪ್ಪು ಹಿಡಿದರೆ?' ಎಂದು ಕೇಳಿದರೆ ಸಾಕು, ಇಪ್ಪತ್ತು ನಿಮಿಷದಲ್ಲಿ ಕೈಪಿಡಿಯ ಮುಕ್ಕಾಲು ಪಾಲು ಮೇಜಿನ ಮೇಲೆ ಬಂದಿರುತ್ತದೆ. ಓದಿ ನೋಡಿದವನು ಒಂದು ವರ್ಷದಲ್ಲಿ ಒಂದು ತಪ್ಪನ್ನೂ ಹಿಡಿದಿಲ್ಲವೆಂದಾದರೆ ಅವನು ಓದಿಲ್ಲವೆಂದೇ ಅರ್ಥ. ಬರವಣಿಗೆಯ ಪರೀಕ್ಷೆಯೇ ಬೇಕೆಂದಿದ್ದರೆ ಪ್ರಶ್ನೆ ಹೀಗಿರಲಿ: ಶುಕ್ರವಾರ ಸಂಜೆ ಏಳು ಗಂಟೆ. ಒಂದೇ ಒಂದು ಸಾಲು ಬದಲಿಸಿ ಎಂದು ಗಿರಾಕಿ ಫೋನ್ ಮಾಡುತ್ತಾನೆ. ನಿಮ್ಮ ಮ್ಯಾನೇಜರ್ ಲೋಕಲ್‌ನಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ. ಏನು ಮಾಡುತ್ತೀರಿ, ಯಾಕೆ? ಇದಕ್ಕೆ ಬಂದ ಉತ್ತರಗಳನ್ನು ಯಂತ್ರ ತಿದ್ದಲಾರದು, ಯಾರಾದರೂ ಕುಳಿತು ಓದಬೇಕು. ಕಂಪನಿಗಳು ಹಿಂಜರಿಯುವುದು ಅಲ್ಲಿಯೇ. ಎರಡು ಸಾವಿರ ಮಂದಿಯ ಪಕ್ಕದಲ್ಲಿ ಇಪ್ಪತ್ತು ನಿಮಿಷ ಕೂರಲು ಯಾರಿಗೆ ಪುರುಸೊತ್ತು ಎಂದು ಕೇಳುತ್ತಾರೆ. ಎಲ್ಲರ ಪಕ್ಕದಲ್ಲಿ ಕೂರುವುದು ಬೇಡ, ಚೀಟಿ ಎತ್ತಿ ಐವತ್ತು ಮಂದಿಯನ್ನು ಆರಿಸಿದರೂ ಸಾಕು ಎಂಬುದು ನನ್ನ ಉತ್ತರ. ಸಿಎಂಎಂಐ ಕೂಡ 2018ರ ಆವೃತ್ತಿಯಿಂದ, ಯಾವ ಕೆಲಸವನ್ನು ಪರಿಶೀಲಿಸಬೇಕೆಂಬುದನ್ನು ಕಂಪನಿಯ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆಯೇ ಆರಿಸುತ್ತದೆ. ಕ್ರಮವು ರೂಢಿಯಾಗಿ ಬೇರೂರಿದೆಯೇ ಎಂಬುದನ್ನು ನೋಡುವ ಭಾಗವನ್ನೂ ಅದಕ್ಕೆ ಸೇರಿಸಿದ್ದಾರೆ. ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ವಿಚಾರ ಇಷ್ಟು ಬದಲಾಗಿದೆ; ನಾವು ಮಾಡಿಕೊಂಡ ಪ್ರಶ್ನೆಪತ್ರಿಕೆ ಹಾಗೆಯೇ ಇದೆ.

ಹಾಗೆಯೇ ಇದೆ ಎಂದು ನಾನು ಊಹೆಯಿಂದ ಹೇಳುತ್ತಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಠಾಣೆಯಿಂದ ಡೊಂಬಿವಲಿಗೆ ಬರುವಾಗ ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗ ಸಿಕ್ಕಿದ. ನಾನು ಬಿಟ್ಟುಬಂದ ಕಂಪನಿಯಲ್ಲಲ್ಲ, ಬೇರೊಂದರಲ್ಲಿ ಅವನಿಗೆ ಕೆಲಸ. ಪ್ರಶ್ನೆಗಳೂ ನೌಕರರಂತೆಯೇ ಕಂಪನಿಯಿಂದ ಕಂಪನಿಗೆ ಹೋಗುತ್ತವೆ. ಜನರ ನಡುವೆ ಒಂದು ಕೈ ಸರಪಳಿಗೆ ನೇತುಹಾಕಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು, 'ಅಂಕಲ್, ಇವತ್ತು ರಾತ್ರಿ ಹನ್ನೆರಡರೊಳಗೆ ಮುಗಿಸಬೇಕು, ಹತ್ತೊಂಬತ್ತು ಆಗಿದೆ, ಇನ್ನೊಂದು ಸರಿಯಾದರೆ ಸಾಕು. ನೀವು ಇದರಲ್ಲೇ ಇದ್ದವರಲ್ಲ, ಇದೊಂದನ್ನು ಹೇಳಿ' ಎಂದ. ಪರದೆಯ ಮೇಲಿದ್ದದ್ದು ನನ್ನ ಹದಿನಾಲ್ಕನೆಯ ಪ್ರಶ್ನೆ, ನಾನಿಟ್ಟ ಅಲ್ಪವಿರಾಮದ ಸಮೇತ. ರಾಯ್ಸ್ ನಿಜವಾಗಿ ಏನು ಬರೆದಿದ್ದರು ಎಂದು ಶುರುಮಾಡಿದೆ. ಅವನು ತಲೆಯಾಡಿಸುತ್ತಿದ್ದ, ಕಣ್ಣು ಮಾತ್ರ ಪರದೆಯ ಮೇಲಿತ್ತು. ದಿವಾ ಬಂತು, ಹತ್ತುವವರ ನೂಕಿಗೆ ಇಬ್ಬರೂ ಒಳಕ್ಕೆ ಸರಿದೆವು. 'ಹಾಗಾದರೆ ಯಾವುದನ್ನು ಒತ್ತಲಿ ಅಂಕಲ್?' ಎಂದು ಕೇಳಿದ.

'ರಾಯ್ಸ್, 1970' ಎಂದೆ.